ಎರಡು ಲಕ್ಷದ ಹೆಂಗಸು

ಅಮ್ಮ ಇಪ್ಪತ್ತೆರಡು ವರ್ಷ ದುಡಿದ ಚೀಲದ ಕಾರ್ಖಾನೆ ಒಂದು ಸೋಮವಾರ ಬಾಗಿಲು ತೆರೆಯಲೇ ಇಲ್ಲ. ಗೇಟಿನ ಮೇಲೆ ಒಂದು ಹಾಳೆ ಅಂಟಿಸಿದ್ದರು, ಅಷ್ಟೆ. ಮುನ್ನೂರು ಹೆಂಗಸರು ಅದನ್ನು ಓದಿ, ಊಟದ ಡಬ್ಬಿ ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸು ಹೋದರು. ಅಮ್ಮ ಮಾತ್ರ ಗೇಟಿನ ಎದುರಿಗೇ ಕೂತು ಡಬ್ಬಿ ಖಾಲಿ ಮಾಡಿ ಬಂದಳು.

"ಬೆಳಿಗ್ಗೆ ಐದಕ್ಕೆದ್ದು ಮಾಡಿದ ಅಡುಗೆ," ಅಂದಳು. "ಅವರು ಬಾಗಿಲು ಮುಚ್ಚಿದ್ರೆ ನಾನ್ಯಾಕೆ ಬಾಯಿ ಮುಚ್ಚಲಿ?"

ನಮ್ಮ ಮನೆಯಲ್ಲಿ ನಾಲ್ಕು ಜನ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಊರಿನ ದೊಡ್ಡ ಕಟ್ಟಡಗಳ ಹೊಟ್ಟೆಯೆಲ್ಲ ಅವನಿಗೆ ಗೊತ್ತು. ಅಪ್ಪನ ಅಪ್ಪ, ನಮ್ಮ ತಾತ, ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಮೂವತ್ತು ವರ್ಷ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡಿದವರು. ಈಗ ಮಂಡಿನೋವು, ಕಿಟಕಿ ಪಕ್ಕದ ಕುರ್ಚಿ. ನಾನು ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ನಿಲ್ಲುತ್ತೇನೆ. ದಿನಕ್ಕೆ ಒಂಬತ್ತು ಗಂಟೆ, ನಿಂತೇ.

ಕಾರ್ಖಾನೆ ಮುಚ್ಚಿ ಎರಡು ತಿಂಗಳಿಗೆ ಅಮ್ಮನ ಪರಿಹಾರದ ಹಣ ಬಂತು. ಅದನ್ನು ಅಪ್ಪ-ಅಮ್ಮ ಇಬ್ಬರ ಹೆಸರಿನ ಬ್ಯಾಂಕ್ ಖಾತೆಗೆ ಹಾಕಿದರು. ಅದೇ ವಾರ ಊಟಕ್ಕೆ ಕೂತಾಗ ಅಮ್ಮ ಹೇಳಿದಳು: "ನಾನು ಆನ್‌ಲೈನ್‌ನಲ್ಲಿ ಚೀಲ ಮಾರ್ತೀನಿ."

ಅಪ್ಪ ಸಾರು ಬಡಿಸಿಕೊಳ್ಳುತ್ತಿದ್ದವನು ಸೌಟನ್ನು ಅಲ್ಲೇ ನಿಲ್ಲಿಸಿದ. "ಯಾರಿಗೆ?"

"ನಿಮ್ಮಂಥವರಿಗೆ. ಬಡಗಿಗಳು, ಕರೆಂಟಿನವರು, ಪೈಪಿನವರು. ಸಾಮಾನು ಇಟ್ಕೊಳ್ಳೋಕೆ ಗಟ್ಟಿ ಚೀಲ ಬೇಡ್ವಾ? ನಿಮಗೆ ನಾನು ಹೊಲಿದುಕೊಟ್ಟಿದ್ದು ಹನ್ನೊಂದು ವರ್ಷ ಬಂತು."

"ಅದು ಮನೆ ಚೀಲ. ಮಾರೋದು ಬೇರೆ."

"ಕಾರ್ಖಾನೆಯವರು ಅದನ್ನೇ ತಾನೇ ಮಾರ್ತಿದ್ದಿದ್ದು?"

ನಾನು ನಕ್ಕೆ. ಅಪ್ಪ ನನ್ನನ್ನು ನೋಡಿದ. ನಗು ನುಂಗಿಕೊಂಡೆ.

ಅಮ್ಮ ಆಗಲೇ ಒಂದು ಆನ್‌ಲೈನ್ ತರಗತಿಗೆ ದುಡ್ಡು ಕಟ್ಟಿಬಿಟ್ಟಿದ್ದಳು ಅನ್ನುವುದು ಮಾರನೇ ದಿನ ಗೊತ್ತಾಯಿತು. ಫೋಟೋ ತೆಗೆದು ಮಾರುವ ಪಾಠ ಹೇಳುವವಳಿಗೆ ನಾವು 'ಫೋಟೋ ಟೀಚರು' ಅಂತ ಹೆಸರಿಟ್ಟೆವು. ಅವಳ ಜಾಹೀರಾತಿನಲ್ಲಿ ಕೆಂಪಕ್ಷರದಲ್ಲಿ ಹೀಗಿತ್ತು: ಮೂವತ್ತೇ ದಿನ! ನಿಮ್ಮ ಅಡುಗೆಮನೆಯೇ ಅಂಗಡಿ! ತಿಂಗಳಿಗೆ ಲಕ್ಷ!

"ಟೋಪಿ," ಅಂದ ಅಪ್ಪ. "ಶುದ್ಧ ಟೋಪಿ. ಗ್ಯಾರಂಟಿ ಕಾರ್ಡ್ ಇಲ್ಲದ ಮೋಟಾರನ್ನ ನಾನು ಮುಟ್ಟೋದಿಲ್ಲ. ನೀನು ಮುಖ ನೋಡದ ಹೆಂಗಸಿಗೆ ದುಡ್ಡು ಕಟ್ಟಿದ್ದೀಯ."

ಮೂವತ್ತು ದಿನ ಅಮ್ಮ ದಪ್ಪ ಕ್ಯಾನ್ವಾಸಿನಲ್ಲಿ ಚೀಲ ಹೊಲಿದಳು, ನಾನು ರಜೆಯ ದಿನ ಫೋಟೋ ತೆಗೆದೆ. ಊಟದ ಮೇಜಿನ ತುಂಬ ದಾರ, ಬಕಲ್ಲು, ಕತ್ತರಿ. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ತಿಂಗಳ ಕೊನೆಗೆ ಮಾರಾಟವಾದದ್ದು ನಾಲ್ಕು ಚೀಲ. ಅದರಲ್ಲೊಂದು ಬಣ್ಣ ಸರಿಯಿಲ್ಲ ಅಂತ ವಾಪಸು ಬಂತು.

"ಲಕ್ಷ ಎಣಿಸೋಕೆ ನಾನೂ ಸಹಾಯ ಮಾಡ್ಲಾ?" ಅಂದ ಅಪ್ಪ.

ಅಮ್ಮ ಕೈ ಒರೆಸಿಕೊಂಡು ಫೋನ್ ತೆಗೆದು, ನಮ್ಮೆಲ್ಲರ ಎದುರಿಗೇ ಫೋಟೋ ಟೀಚರಿಗೆ ಕರೆ ಮಾಡಿದಳು.

"ಏನಮ್ಮಾ, ಲಕ್ಷ ಎಲ್ಲಿ?"

ಆ ಕಡೆಯಿಂದ ಎಳೆ ದನಿ: "ಅದು... ಜಾಹೀರಾತಲ್ವಾ ಅಕ್ಕಾ. ನನ್ನ ಒಬ್ಬ ವಿದ್ಯಾರ್ಥಿನಿಗೆ ಬಂತು. ಒಂದು ಸಲ."

"ಹಾಗಿದ್ರೆ 'ಒಬ್ಬಳಿಗೆ, ಒಂದು ಸಲ' ಅಂತ ಬರಿ. ಕೆಂಪಕ್ಷರದಲ್ಲೇ ಬರಿ."

"ತಪ್ಪಾಯ್ತಕ್ಕ. ಬೇಕಿದ್ರೆ ಅರ್ಧ ದುಡ್ಡು ವಾಪಸು ಹಾಕ್ತೀನಿ. ಆದ್ರೆ ಒಂದು ಮಾತು. ನಿಮ್ಮ ಫೋಟೋ ನೋಡ್ದೆ. ಚೀಲದ ಹೊರಗಡೆ ಮಾತ್ರ ತೋರಿಸಿದ್ದೀರ. ನಿಮ್ಮ ಕೆಲಸ ಇರೋದು ಒಳಗಡೆ. ಹೊಲಿಗೆ ತೋರಿಸಿ. ಸುತ್ತಿಗೆ ಇಟ್ಟು ತೋರಿಸಿ."

ಸಂಜೆಯೊಳಗೆ ಅರ್ಧ ದುಡ್ಡು ವಾಪಸು ಬಂತು. ಅಪ್ಪ ನಂಬಲಿಲ್ಲ, ಬ್ಯಾಂಕಿನ ಮೆಸೇಜನ್ನು ಎರಡು ಸಲ ಓದಿದ.

ತಾತ ಕಿಟಕಿಯ ಕಡೆಯಿಂದ ಹೇಳಿದರು: "ಇವಳು ಬಡಾಯಿಯವಳು. ಮೋಸಗಾತಿ ಅಲ್ಲ."

"ಎರಡೂ ಒಂದೇ," ಅಂದ ಅಪ್ಪ.

"ನಾನು ಮೂವತ್ತು ವರ್ಷ ಸಂಬಳ ತಗೊಂಡಿದ್ದೇ ಅವೆರಡೂ ಬೇರೆ ಅನ್ನೋದಕ್ಕೆ ಕಣಯ್ಯಾ. ಒಬ್ಬ ಬಟ್ಟೆ ಅಂಗಡಿಯವನಿದ್ದ. ಬಾಗಿಲಲ್ಲಿ ನಿಂತು, ಪ್ರಪಂಚದಲ್ಲೇ ಇಂಥ ಬಟ್ಟೆ ಇಲ್ಲ ಅಂತ ಕೂಗ್ತಿದ್ದ. ಅವನ ಗಜದ ಕಡ್ಡಿ ಅಳೆದೆ. ಕೂದಲೆಳೆಯಷ್ಟೂ ಕಮ್ಮಿ ಇರಲಿಲ್ಲ. ಕೂಗಿಕೊಳ್ಳಲಿ ಅಂತ ಬಿಟ್ಟುಬಿಟ್ಟೆ. ಅವನ ಪಕ್ಕದಲ್ಲೇ ಒಬ್ಬ ಸಕ್ಕರೆಯವನು, ಬಾಯಿ ಬಿಟ್ರೆ ಸ್ವಾಮೀ ಅಂತಿದ್ದ. ಅವನ ಅಂಗಡಿಗೆ ಹೋದಾಗಲೆಲ್ಲ ನನಗೆ ಕುರ್ಚಿ. ಆರು ವರ್ಷ ಆದಮೇಲೆ ಗೊತ್ತಾಯ್ತು, ತೂಕದ ಕಲ್ಲಿನ ಹೊಟ್ಟೆ ಕೊರೆದು ಟೊಳ್ಳು ಮಾಡಿದ್ದ. ಆರು ವರ್ಷ! ನನ್ನ ಮೂಗಿನ ಕೆಳಗೆ."

"ನೀವು ಹೇಗೆ ಹಿಡಿದಿರಿ?" ಅಂತ ಕೇಳಿದೆ.

"ನಾನೆಲ್ಲಿ ಹಿಡಿದೆ? ಒಬ್ಬ ಮುದುಕಿ ಹಿಡಿದಳು. ಮನೆಯಲ್ಲಿ ತೂಗಿ ನೋಡಿ ವಾಪಸು ತಂದು ಜಗಳ ತೆಗೆದಳು."

ಅಮ್ಮ ಸುತ್ತಿಗೆ ಇಟ್ಟು ಫೋಟೋ ತೆಗೆಸಿದಳು. ಚೀಲವನ್ನು ಒಳಗೂ ಹೊರಗೂ ತಿರುಗಿಸಿ ತೋರಿಸಿದಳು. ಮುಂದಿನ ತಿಂಗಳು ಹನ್ನೊಂದು ಚೀಲ ಹೋದವು. ಲಕ್ಷವೂ ಅಲ್ಲ, ಏನೂ ಅಲ್ಲ. ಆದರೆ ಹನ್ನೊಂದು. ಪರಿಹಾರದ ಹಣದಲ್ಲಿ ದಪ್ಪ ಬಟ್ಟೆ ಹೊಲಿಯುವ ಮೋಟಾರ್ ಮಿಷನ್ ತೆಗೆದುಕೊಳ್ಳಬೇಕು ಅಂತ ಅಮ್ಮ ಅಂಗಡಿಯವನ ಹತ್ತಿರ ದರ ಕೇಳಿಕೊಂಡು ಬಂದಳು. ಅಪ್ಪ, "ಅವಸರ ಯಾಕೆ, ಮುಂದಿನ ತಿಂಗಳು ನೋಡೋಣ," ಅಂದ. ಆ ದಿನಗಳಲ್ಲಿ ಅಪ್ಪ ಅಡುಗೆಮನೆಯಲ್ಲಿ ಸಿಳ್ಳೆ ಹಾಕುತ್ತಿದ್ದ. ಪಾತ್ರೆಯನ್ನೂ ತೊಳೆದ. ಅಮ್ಮನ ಪಕ್ಕ ಒಂದು ಚೀಲವಿಟ್ಟು, "ನಗು, ನಗು," ಅಂತ ಫೋಟೋ ತೆಗೆದ. ನಮಗೆ ಅನುಮಾನ ಬರಬೇಕಿತ್ತು.

ಒಂದು ಭಾನುವಾರ ಮಧ್ಯಾಹ್ನ ಜಿಪ್ಪಕ್ಕ ಬಂದಳು. ಕಾರ್ಖಾನೆಯಲ್ಲಿ ಅಮ್ಮನ ಪಕ್ಕದ ಮೇಜಿನವಳು. ಹದಿನೇಳು ವರ್ಷ ಚೀಲಗಳಿಗೆ ಜಿಪ್ಪು ಕೂರಿಸಿ ಆ ಹೆಸರು ಬಂದಿತ್ತು. ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದನ್ನು ಅಮ್ಮನ ಕೈಗೆ ಕೊಟ್ಟು, ಅವಳನ್ನು ತಬ್ಬಿಕೊಂಡು, ಆಮೇಲೆ ಬೆನ್ನಿಗೊಂದು ಗುದ್ದಿದಳು.

"ಒಂದು ಮಾತು ಹೇಳಲಿಲ್ವಲ್ಲೇ! ನಾವೆಲ್ಲ ಹೊಟ್ಟೆಕಿಚ್ಚು ಪಡ್ತೀವಿ ಅಂತಲಾ?"

"ಏನು ಹೇಳಬೇಕಿತ್ತು?"

"ತಿಂಗಳಿಗೆ ಎರಡು ಲಕ್ಷ!"

ಫೋನು ತೋರಿಸಿದಳು. ಅದರಲ್ಲಿ ಅಮ್ಮ. ಪಕ್ಕದಲ್ಲಿ ಚೀಲ, ಮುಖದಲ್ಲಿ ಅಪ್ಪ ಹೇಳಿ ನಗಿಸಿದ್ದ ಅದೇ ನಗು. ಕೆಳಗೆ ಬರೆದಿತ್ತು: 'ಕಾರ್ಖಾನೆ ಕೈಬಿಟ್ಟಿತು, ನಾವು ಕೈಹಿಡಿದೆವು. ಈಗ ಈಕೆಗೆ ಮನೆಯಲ್ಲೇ ಕೂತು ತಿಂಗಳಿಗೆ ಎರಡು ಲಕ್ಷ. ಎರಡೇ ಸೀಟು ಬಾಕಿ.'

"ನಾಳೆ ಬೆಳಿಗ್ಗೆ ನಾನೂ ದುಡ್ಡು ಕಟ್ತಿದ್ದೀನಿ," ಅಂದಳು ಜಿಪ್ಪಕ್ಕ. "ಪರಿಹಾರ ಬಂದಿದ್ದು ಪೂರ್ತಿ. ನಿನ್ನ ಮುಖ ನೋಡೇ ಧೈರ್ಯ ಬಂತು. ನಾನೊಬ್ಬಳೇ ಅಲ್ಲ, ನಮ್ಮ ಸಾಲಿನವರು ಎಷ್ಟೋ ಜನ ಆಗಲೇ ಕಟ್ಟಿದ್ದಾರೆ."

ಅಮ್ಮ ಬಿಸ್ಕತ್ತಿನ ಡಬ್ಬಿಯನ್ನು ಜಿಪ್ಪಕ್ಕನ ಮಡಿಲಲ್ಲೇ ವಾಪಸಿಟ್ಟಳು. "ನೀನು ನಾಳೆ ಎಲ್ಲಿಗೂ ಹೋಗಬೇಡ. ನಾನು ಫೋನ್ ಮಾಡೋವರೆಗೆ ಒಂದು ಕಾಸೂ ಬಿಚ್ಚಬೇಡ."

ಅಪ್ಪ ಸಂಜೆ ಬಂದ. ಅಮ್ಮ ತಟ್ಟೆ ಹಾಕಲಿಲ್ಲ.

"ನನ್ನ ಫೋಟೋ ಯಾರಿಗೆ ಕೊಟ್ರಿ?"

ಅಪ್ಪ ಶೂ ಬಿಚ್ಚುತ್ತಿದ್ದವನು ಹಾಗೇ ಬಗ್ಗಿಕೊಂಡೇ ಇದ್ದ. ಆಮೇಲೆ ಒಂದೊಂದೇ ಹೊರಬಿತ್ತು. ಪೇಟೆಯ ಒಂದು ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು. ನಾಲ್ಕನೇ ಮಹಡಿಯಲ್ಲಿ ಗಾಜಿನ ಬಾಗಿಲಿನ ಆಫೀಸು, ಒಳಗೆ ಜನವೋ ಜನ. ಕೋಟು ಹಾಕಿದವನೊಬ್ಬ ಅಪ್ಪನಿಗೆ ತಣ್ಣನೆ ನೀರು ಕೊಟ್ಟು ಕೂರಿಸಿದ. ಅಮ್ಮನ ಹೆಸರಲ್ಲಿ ಆನ್‌ಲೈನ್ ಅಂಗಡಿ ಅವರೇ ತೆರೆಯುತ್ತಾರಂತೆ, ಅವರೇ ಮಾರುತ್ತಾರಂತೆ, ನಾವು ದುಡ್ಡು ಹಾಕಿ ಸುಮ್ಮನಿದ್ದರೆ ಸಾಕಂತೆ. ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ. ಸೀಲು, ಸಹಿ, ಎಲ್ಲ ಇರುವ ಕಾಗದ. ಅಂಗಡಿಗೆ ಹಾಕೋಕೆ ಅಮ್ಮನದೊಂದು ಫೋಟೋ ಬೇಕಂತೆ.

"ಎಷ್ಟು ಕೊಟ್ರಿ?"

ಅಪ್ಪ ಬಿಚ್ಚಿದ ಶೂಗಳನ್ನು ಜೋಡಿಸಿಟ್ಟ.

"ನನ್ನ ಪರಿಹಾರದ್ದಾ?"

"ನಿನಗೋಸ್ಕರನೇ ಕಣೇ! ದಿನವಿಡೀ ಆ ದಪ್ಪ ಬಟ್ಟೆ ಎಳೆದೂ ಎಳೆದೂ ನಿನ್ನ ಹೆಬ್ಬೆರಳು ಊದಿರುತ್ತೆ. ಹನ್ನೊಂದು ಚೀಲ! ಇಲ್ಲಿ ನೋಡು, ನಿನ್ನ ಹೆಸರಲ್ಲಿ ಎಷ್ಟಾಗಿದೆ." ಫೋನು ಮುಂದೆ ಹಿಡಿದ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಒಂದು ದೊಡ್ಡ ಅಂಕಿ. "ಮೊದಲ ಕಂತು ಬಂದಮೇಲೆ ಹೇಳಿ, ಮನೆಯವರು ಬೆರಗಾಗ್ತಾರೆ ಅಂತ ಅವನೇ ಹೇಳಿದ."

"ಮನೆಯಲ್ಲಿ ಹೇಳಬೇಡಿ ಅಂದ ತಾನೇ?" ಅಂದರು ತಾತ.

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ.

"ಆ ದುಡ್ಡು ತೆಗೆದುಕೊಂಡು ಬನ್ನಿ ನೋಡೋಣ," ಅಂದೆ ನಾನು.

"ತೆಗೆಯೋಕೆ... ಬಿಡುಗಡೆ ಶುಲ್ಕ ಅಂತ ಒಂದಿದೆ. ಇನ್ನು ಸ್ವಲ್ಪ ಕಟ್ಟಿದ್ರೆ ಪೂರ್ತಿ ಬರುತ್ತೆ. ನಿನ್ನ ಸಂಬಳದಿಂದ ಒಂದು—"

"ಒಂದು ಕಾಸೂ ಇಲ್ಲ!" ಅಮ್ಮ ಮೇಜಿಗೆ ಗುದ್ದಿದಳು. ಬಕಲ್ಲುಗಳು ಚದುರಿ ನೆಲಕ್ಕೆ ಬಿದ್ದವು. "ನಾಲ್ಕು ಚೀಲ ಮಾರಿದವಳನ್ನ ನೋಡಿ ತಿಂಗಳೆಲ್ಲ ನಕ್ಕಿರಿ. ಆ ಹುಡುಗಿ ಕೇಳಿದ ಕೂಡಲೇ ಅರ್ಧ ವಾಪಸು ಕೊಟ್ಟಳು. ಅವಳು ಟೋಪಿ. ನಿಮ್ಮ ದುಡ್ಡು ನಿಮಗೆ ಕೊಡೋಕೇ ದುಡ್ಡು ಕೇಳೋನು ಗ್ಯಾರಂಟಿ!"

ಆ ರಾತ್ರಿ ನಾವು ಬ್ರೆಡ್ಡು ತಿಂದು ಮಲಗಿದೆವು. ಅಪ್ಪ ಅದನ್ನೂ ತಿನ್ನಲಿಲ್ಲ.

ಬೆಳಿಗ್ಗೆ ನಾನು ಅರ್ಧ ದಿನ ರಜೆ ಹಾಕಿದೆ. ನಾಲ್ಕೂ ಜನ ಹೊರಟೆವು. ತಾತ ಬರುತ್ತೇನೆಂದು ಹಟ ಹಿಡಿದರು, ಮಂಡಿಗೆ ಪಟ್ಟಿ ಕಟ್ಟಿಕೊಂಡರು. ಪುಣ್ಯಕ್ಕೆ ಲಿಫ್ಟ್ ಕೆಲಸ ಮಾಡುತ್ತಿತ್ತು. ಅಪ್ಪನ ರಿಪೇರಿ.

ಕೋಟಿನವನು ಅಮ್ಮನನ್ನು ನೋಡಿದ್ದೇ ಎದ್ದು ನಿಂತ. "ಬನ್ನಿ ಬನ್ನಿ, ನಮ್ಮ ಸ್ಟಾರ್!"

ಅಮ್ಮ ಕೂರಲಿಲ್ಲ. "ನನ್ನ ಹೆಸರಿನ ಅಂಗಡಿಯಲ್ಲಿ ಏನು ಮಾರಾಟವಾಗಿದೆ?"

"ಎಲ್ಲ ಥರದ ಮಾಲು, ಮೇಡಂ."

"ಒಂದು ತೋರಿಸಿ. ಒಂದೇ ಒಂದು. ಯಾರು ಕೊಂಡರು, ಯಾವ ಊರಿಗೆ ಹೋಯ್ತು?"

"ಗ್ರಾಹಕರ ವಿವರ ಗುಪ್ತ. ಕಾನೂನು ಇದೆ."

"ಊರು ಬೇಡ. ಮಾಲು ತೋರಿಸಿ. ಪೆಟ್ಟಿಗೆ, ಚೀಲ, ಪೊರಕೆ, ಏನಾದ್ರೂ."

ಅವನು ನಗುನಗುತ್ತಲೇ ಪರದೆ ತಿರುಗಿಸಿ ಏರುವ ಗೆರೆಗಳನ್ನು ತೋರಿಸಿದ. ತಾತ ಆಫೀಸಿನಲ್ಲೆಲ್ಲ ಕಣ್ಣಾಡಿಸಿ, "ಇಷ್ಟು ವ್ಯಾಪಾರ ಮಾಡೋ ಕಡೆ ಒಂದು ರಟ್ಟಿನ ಡಬ್ಬಿ ಇಲ್ವಲ್ಲಯ್ಯಾ," ಅಂದರು. "ನಮ್ಮ ಮನೆಯಲ್ಲಿ ಹನ್ನೊಂದು ಚೀಲ ಮಾರಿದ್ದಕ್ಕೇ ಕಾಲಿಡೋಕೆ ಜಾಗ ಇಲ್ಲ."

ಕೋಟಿನವನ ನಗು ಸ್ವಲ್ಪ ಬಾಡಿತು. ನಮ್ಮನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿ, ದನಿ ತಗ್ಗಿಸಿದ.

"ನೋಡಿ ಮೇಡಂ, ನೀವು ಬುದ್ಧಿವಂತರು. ನಿಮ್ಮವರು ಕೊಟ್ಟ ದುಡ್ಡು ಪೂರ್ತಿ ಈ ವಾರವೇ ವಾಪಸು ಹಾಕಿಸ್ತೀನಿ. ಮೇಲೆ ತಿಂಗಳಿಗಿಷ್ಟು ಅಂತಲೂ ಕೊಡೋಣ. ಶನಿವಾರ ಒಂದು ಸಭೆ ಇದೆ. ವೇದಿಕೆ ಮೇಲೆ ಬಂದು ಎರಡು ಮಾತು ಆಡಿ. ನಿಮ್ಮ ಕಾರ್ಖಾನೆಯವರೆಲ್ಲ ಬರ್ತಿದ್ದಾರೆ. ನಿಮ್ಮ ಮುಖ ಇದ್ರೆ ಸಾಕು."

ಅಪ್ಪ ಅಮ್ಮನ ಮುಖ ನೋಡಿದ. ನಾನೂ ನೋಡಿದೆ. ಆ ಹಣದಲ್ಲಿ ಮಿಷನ್ ಬರುತ್ತಿತ್ತು. ಸುಳ್ಳು ಹೇಳುವುದಿಲ್ಲ, ನನ್ನ ಬಾಯಲ್ಲೂ 'ಹೂಂ ಅನ್ನು' ಅನ್ನುವುದು ಬಂದು ನಿಂತಿತ್ತು.

"ನನ್ನ ಫೋಟೋ ತೆಗೀರಿ," ಅಂದಳು ಅಮ್ಮ. "ಇವತ್ತು ಸಂಜೆಯೊಳಗೆ."

"ಕಾಗದದಲ್ಲಿ ನಿಮ್ಮವರ ಸಹಿ ಇದೆ, ಮೇಡಂ."

"ಮುಖ ನಂದು."

ಬಸ್ಸಿನಲ್ಲಿ ವಾಪಸು ಬಂದೆವು. ಮನೆಯ ಮೆಟ್ಟಿಲು ಹತ್ತುವಾಗ ಅಪ್ಪ ಶುರು ಮಾಡಿದ. "ದುಡ್ಡು ಬರೋವರೆಗಾದ್ರೂ ಸುಮ್ಮನಿರಬಹುದಿತ್ತು. ಒಂದು ಶನಿವಾರ. ಎರಡು ಮಾತು. ಆಮೇಲೆ ಬಿಟ್ಟುಬಿಟ್ರೆ ಆಯ್ತು."

"ಜಿಪ್ಪಕ್ಕ ದುಡ್ಡು ಕಟ್ಟಿದಮೇಲಾ?"

"ಅವರವರ ಬುದ್ಧಿ ಅವರವರಿಗೆ ಇರಬೇಕು."

"ನಿಮಗಿತ್ತಾ?"

ಅಪ್ಪ ಮೆಟ್ಟಿಲ ಮೇಲೇ ಕೂತುಬಿಟ್ಟ. ಅಮ್ಮ ಅವನನ್ನು ದಾಟಿಕೊಂಡು ಮೇಲೆ ಹೋದಳು.

ಒಳಗೆ ಹೋದವಳೇ ಮುಖ ತೊಳೆದು, ತಲೆ ಬಾಚಿಕೊಂಡು, ನನ್ನ ಕೈಗೆ ಫೋನ್ ಕೊಟ್ಟಳು. "ವಿಡಿಯೋ ತೆಗಿ. ಬೆಳಕು ಮುಖದ ಮೇಲೆ ಬೀಳಲಿ. ಫೋಟೋ ಟೀಚರು ಹೇಳಿದ ಹಾಗೆ."

"ಅಮ್ಮಾ, ಊರಿಗೆಲ್ಲ ಗೊತ್ತಾಗುತ್ತೆ. ಅಪ್ಪ—"

"ನೀನು ತೆಗೀತೀಯೋ, ತಾತನ ಕೈಗೆ ಕೊಡಲೋ?"

ತೆಗೆದೆ. ಅಮ್ಮ ಕ್ಯಾಮೆರಾವನ್ನೇ ನೋಡುತ್ತ, ಪಕ್ಕದ ಮೇಜಿನವಳ ಜೊತೆ ಮಾತಾಡುವ ಹಾಗೆ ಮಾತಾಡಿದಳು.

"ತಿಂಗಳಿಗೆ ಎರಡು ಲಕ್ಷ ದುಡಿಯೋ ಹೆಂಗಸು ಅಂತ ನನ್ನ ಫೋಟೋ ಓಡಾಡ್ತಿದೆ. ಆ ಹೆಂಗಸು ನಾನೇ. ಹೋದ ತಿಂಗಳು ನಾನು ಮಾರಿದ್ದು ಹನ್ನೊಂದು ಚೀಲ. ಬಟ್ಟೆ, ದಾರ, ಕೊರಿಯರ್ ಕಳೆದು ಉಳಿದಿದ್ದು ಮನೆಯ ತರಕಾರಿಗೆ ಆಗುತ್ತೆ, ಹಾಲಿಗೆ ಆಗಲ್ಲ. ಅದಕ್ಕೆ ನನಗೆ ನಾಚಿಕೆ ಇಲ್ಲ. ಆ ನಾಲ್ಕನೇ ಮಹಡಿಯ ಅಂಗಡಿಯಲ್ಲಿ ನಾನು ಒಂದು ಗುಂಡಿಯನ್ನೂ ಮಾರಿಲ್ಲ. ಏನು ಮಾರಿದ್ದೀರಿ ಅಂತ ಕೇಳಿದೆ, ತೋರಿಸಲಿಲ್ಲ. ನಮ್ಮ ದುಡ್ಡು ವಾಪಸು ಕೇಳಿದ್ರೆ ಮತ್ತೆ ದುಡ್ಡು ಕಟ್ಟಿ ಅಂತಾರೆ. ನಮ್ಮ ಮನೆಯಿಂದ—"

ಇಲ್ಲಿ ಅಮ್ಮ ನಿಲ್ಲಿಸಿದಳು. ಯಾರು ಕೊಟ್ಟಿದ್ದು ಅಂತ ಹೇಳಬೇಕಿತ್ತು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಅಮ್ಮ ಅವನನ್ನು ನೋಡಿ, ಮತ್ತೆ ಕ್ಯಾಮೆರಾ ನೋಡಿದಳು.

"ನಮ್ಮ ಮನೆಯಿಂದ ನನ್ನ ಪರಿಹಾರದ ಹಣ ಹೋಗಿದೆ. ನೀವು ಕಟ್ಟಬೇಡಿ. ಕಟ್ಟಿದ್ದರೆ ಅಡಗಿಸಿಡಬೇಡಿ. ನನಗೆ ಫೋನ್ ಮಾಡಿ."

ಹನ್ನೆರಡು ಗಂಟೆಗೆ ಹಾಕಿದ ವಿಡಿಯೋ ನಾನು ಕೆಲಸದಿಂದ ಬರುವ ಹೊತ್ತಿಗೆ ಊರೆಲ್ಲ ಸುತ್ತಿತ್ತು. ನಮ್ಮ ಮೆಡಿಕಲ್ ಸ್ಟೋರಿನ ಯಜಮಾನನೂ ನೋಡಿದ್ದ. "ನಿಮ್ಮಮ್ಮ ಜೋರು," ಅಂದ. ಕೆಲವರು ಕೆಟ್ಟದಾಗಿ ಬರೆದಿದ್ದರು: ಹೊಟ್ಟೆಕಿಚ್ಚಿನವಳು, ಪ್ರಚಾರದ ಹುಚ್ಚಿನವಳು, ಮನೆ ವಿಷಯ ಬೀದಿಗೆ ತಂದವಳು. ಅಮ್ಮ ಅವನ್ನೆಲ್ಲ ಕೂತು ಓದಿ, ಕಾಗುಣಿತ ತಪ್ಪಿದ್ದ ಕಡೆ ತಿದ್ದಿ ಉತ್ತರ ಹಾಕಿದಳು.

ಸಂಜೆ ಕೋಟಿನವನ ಫೋನು ಬಂತು. ಅಮ್ಮ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ತರಕಾರಿ ಹೆಚ್ಚುತ್ತಾ ಕೂತಳು.

"ವಿಡಿಯೋ ಈಗಲೇ ತೆಗೀರಿ. ಇಲ್ಲದಿದ್ರೆ ಮಾನನಷ್ಟದ ಕೇಸು. ಕೋರ್ಟಿಗೆ ಅಲೆದಾಡಿಸಿಬಿಡ್ತೀನಿ."

"ಕೋರ್ಟಲ್ಲಾದ್ರೂ ತೋರಿಸ್ತೀರಾ, ಏನು ಮಾರಿದ್ದು ಅಂತ?"

"ನಿಮ್ಮ ಯಜಮಾನರನ್ನ ಕೇಳಿ ಮಾತಾಡಿ. ಅವರಿಗಾದ್ರೂ ಮರ್ಯಾದೆ ಗೊತ್ತು."

ಅಮ್ಮ ಚಾಕು ಕೆಳಗಿಟ್ಟಳು. ಅಷ್ಟರಲ್ಲಿ ಅಪ್ಪ ಎದ್ದು ಬಂದು ಫೋನಿನ ಹತ್ತಿರ ಬಗ್ಗಿದ.

"ಯಜಮಾನ ಮಾತಾಡ್ತಿದ್ದೀನಿ. ವಿಡಿಯೋ ತೆಗೆಯಲ್ಲ. ಕೇಸು ಹಾಕು. ನಿನ್ನ ಸೀಲಿರೋ ಕಾಗದ ನನ್ನ ಹತ್ತಿರ ಭದ್ರವಾಗಿದೆ."

ಆ ಕಡೆ ಲೈನ್ ಕಟ್ ಆಯಿತು. ಅಪ್ಪ ನಿಂತೇ ಇದ್ದ. ಅಮ್ಮ ಮಣೆಯನ್ನು ಅವನ ಕಡೆ ತಳ್ಳಿದಳು. ಅವನು ಕೂತು ಉಳಿದ ತರಕಾರಿ ಹೆಚ್ಚಿದ, ದಪ್ಪದಪ್ಪನಾಗಿ. ಅವರಿಬ್ಬರ ನಡುವೆ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಆ ವಾರವೆಲ್ಲ ಅಮ್ಮ ಅವನೊಂದಿಗೆ ಆಡಿದ್ದು ಲೆಕ್ಕ ಹಾಕಿದಷ್ಟು ಮಾತು: ಉಪ್ಪು ತನ್ನಿ, ಬಾಗಿಲು ಹಾಕಿ.

ಮೊದಲು ಬಂದ ಕರೆ ಜಿಪ್ಪಕ್ಕನದು. ಕಟ್ಟಿರಲಿಲ್ಲ. ಅಳುತ್ತಾ ನಗುತ್ತಾ ಬೈದಳು. ಆಮೇಲೆ ಕಟ್ಟಿದ್ದವರ ಕರೆಗಳು ಶುರುವಾದವು. ಒಬ್ಬಳು ಗಂಡನಿಗೆ ಹೇಳಿರಲಿಲ್ಲ. ಇನ್ನೊಬ್ಬಳು ಮಗಳ ಕಾಲೇಜಿನ ದುಡ್ಡು ಹಾಕಿದ್ದಳು. ಒಬ್ಬ ನಿವೃತ್ತ ಅಂಚೆಯವನು ಪಿಸುದನಿಯಲ್ಲಿ, "ನನ್ನ ಮಕ್ಕಳಿಗೆ ತಿಳಿಯದ ಹಾಗೆ ಏನಾದ್ರೂ ಮಾಡೋಕಾಗುತ್ತಾ?" ಅಂತ ಕೇಳಿದ. ಅಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ತಿಳಿಯದ ಹಾಗೆ ಆಗಲ್ಲ. ಗುರುವಾರ ಹತ್ತು ಗಂಟೆಗೆ ಪೊಲೀಸ್ ಠಾಣೆ ಹತ್ತಿರ ಬನ್ನಿ. ಕಾಗದ ತನ್ನಿ."

ಬುಧವಾರ ಸಂಜೆ ಅಪ್ಪ ನಾಲ್ಕನೇ ಮಹಡಿಯ ಕಡೆ ಹೋಗಿ ಬಂದ. ಗಾಜಿನ ಬಾಗಿಲಿಗೆ ಬೀಗ. ಒಳಗೆ ಕುರ್ಚಿಗಳೂ ಇರಲಿಲ್ಲ. ಶನಿವಾರದ ಸಭೆಗೆ ಬಾಡಿಗೆ ಹಿಡಿದ ಹಾಲ್‌ನವನಿಗೂ ದುಡ್ಡು ಕೊಡದೆ ಹೋಗಿದ್ದರು.

"ಹೋಯ್ತು, ಇನ್ನು ಬರೋದಿಲ್ಲ," ಅಂದ ಅಪ್ಪ.

"ಬರದೇ ಇರಬಹುದು," ಅಂದಳು ಅಮ್ಮ. "ಬರೆಸೋದಂತೂ ಬರೆಸ್ತೀನಿ."

ಗುರುವಾರ ಠಾಣೆಯ ಮುಂದೆ ದುಡ್ಡು ಕಳೆದುಕೊಂಡ ಹತ್ತೊಂಬತ್ತು ಜನ. ಅಂಚೆಯವನೂ ಬಂದಿದ್ದ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು. ದುಡ್ಡು ಕಟ್ಟದ ಜಿಪ್ಪಕ್ಕ ಎಲ್ಲರಿಗೂ ಚಹಾ ತರಿಸಿದಳು. ಬೆಂಚುಗಳು ಸಾಲದೆ ಹೆಂಗಸರು ಗೋಡೆಗೊರಗಿ ನೆಲದ ಮೇಲೆ ಕೂತರು. ದೂರು ಬರೆದುಕೊಳ್ಳುವ ಪೇದೆ ಕನ್ನಡಕ ಹಣೆಗೇರಿಸಿ ಎಲ್ಲರನ್ನೂ ನೋಡಿದ.

"ಇಷ್ಟೂ ಜನ ಒಂದೇ ವಿಷಯಕ್ಕಾ? ಹಾಗಿದ್ರೆ ಒಬ್ಬರು ಬರೆದುಕೊಡಿ. ಉಳಿದವರ ಸಹಿ ಕೆಳಗೆ ಹಾಕಿಸಿ. ಸಾಕು."

"ಸಾಲದು," ಅಂದಳು ಅಮ್ಮ. "ದುಡ್ಡು ಒಂದೇ ಮನೆಯಿಂದ ಹೋಗಿಲ್ಲ. ಹತ್ತೊಂಬತ್ತು ಮನೆಯಿಂದ ಹೋಗಿದೆ. ಹತ್ತೊಂಬತ್ತೂ ಬರ್ಕೊಳ್ಳಿ."

"ನನಗೆ ಸಂಜೆಯಾಗುತ್ತಲ್ಲಮ್ಮಾ."

"ಕೂತಿರ್ತೀವಿ. ನಮಗೆ ಕಾರ್ಖಾನೆ ಇಲ್ಲ."

ನೆಲದ ಮೇಲೆ ಕೂತಿದ್ದವರು ನಕ್ಕರು. ಪೇದೆ ಉಸಿರುಬಿಟ್ಟು ಹಾಳೆಗಳ ಕಟ್ಟು ಎಳೆದುಕೊಂಡ, ಪೆನ್ನು ಒದರಿದ.

"ಸರಿ. ಮೊದಲು ಯಾರು?"

ಯಾರೂ ಏಳಲಿಲ್ಲ. ಎಲ್ಲರ ಕಣ್ಣೂ ಅಮ್ಮನ ಮೇಲೆ. ಅಮ್ಮ ಅಲುಗಾಡಲಿಲ್ಲ. ಗೋಡೆಯ ಪಕ್ಕದಿಂದ ಅಪ್ಪ ಎದ್ದ, ಅಂಗಿ ಸರಿಮಾಡಿಕೊಂಡು ಎಲ್ಲರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಪೇದೆಯ ಎದುರಿನ ಕುರ್ಚಿಯಲ್ಲಿ ಕೂತ.

"ನಾನು," ಅಂದ, ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ. "ಹೆಂಡತಿಯ ದುಡ್ಡನ್ನ ಹೆಂಡತಿಯನ್ನ ಕೇಳದೆ ತೆಗೆದುಕೊಂಡು ಹೋಗಿ ಕೊಟ್ಟವನು ನಾನು. ಅಲ್ಲಿಂದ ಬರ್ಕೊಳ್ಳಿ."